‘ಚಕ್ಕೆಯಿಲ್ಲ, ಬಿರುಕಿಲ್ಲ’ ಎಂಬ ಮಾತು ನಂಬಿ ಕೆಟ್ಟೆ: ನಾಟ್ಸ್ಲರ್ ಬಟ್ಟಲು ಕೊಳ್ಳುವವರು ದಯವಿಟ್ಟು ಓದಿ

ಹಳೆಯ ಅಮೆರಿಕನ್ ಸ್ಟುಡಿಯೊ ಕುಂಬಾರಿಕೆಯ (ಕಲಾವಿದರು ತಮ್ಮದೇ ಕಾರ್ಯಾಗಾರದಲ್ಲಿ ಕೈಯಿಂದ ಮಾಡಿದ ಮಡಕೆ, ಬಟ್ಟಲುಗಳು) ವಸ್ತುಗಳನ್ನು ಕೂಡಿಡುವ ಕನ್ನಡಿಗರು ಬಹಳ ಮಂದಿ ಇಲ್ಲವೆಂದು ಬಲ್ಲೆ. ಇರುವ ನಾಲ್ಕು ಜನರಾದರೂ ನನ್ನಂತೆ ಟೋಪಿ ಹಾಕಿಸಿಕೊಳ್ಳದಿರಲಿ ಎಂದು, ನಾಚಿಕೆಯನ್ನು ಬದಿಗಿಟ್ಟು ಇದನ್ನು ಬರೆಯುತ್ತಿದ್ದೇನೆ. ಹೋದದ್ದು 1,850 ಡಾಲರ್. ಆದರೆ ಹಣಕ್ಕಿಂತ ಹೆಚ್ಚು ಉರಿಯುತ್ತಿರುವುದು, ಎಂಟು ವರ್ಷಗಳಿಂದ ಈ ಹುಚ್ಚು ಹಚ್ಚಿಕೊಂಡಿರುವ ನಾನು, ಹೊಸಬರು ಕೇಳಿದರೆ ಬುದ್ಧಿ ಹೇಳಲು ಮುಂದಾಗುವ ನಾನು, ಇಷ್ಟು ಸುಲಭವಾಗಿ ಬಲೆಗೆ ಬಿದ್ದೆನಲ್ಲ ಎಂಬುದು.

ಈ ಹುಚ್ಚು ಹತ್ತಿದ್ದು ಕ್ಯಾಲಿಫೋರ್ನಿಯಾದ ಓಹಾಯ್‌ನಲ್ಲಿ. ಜಿಡ್ಡು ಕೃಷ್ಣಮೂರ್ತಿಯವರ ಸಾಮೀಪ್ಯ ಬಯಸಿ ಅಲ್ಲಿ ನೆಲೆಸಿದ, ಸೀರೆಯುಟ್ಟೇ ಓಡಾಡುತ್ತಿದ್ದ ಬಿಯಾಟ್ರಿಸ್ ವುಡ್ ಅವರ ಮಡಕೆಗಳನ್ನು ನೋಡಲು ಹೋದವನು, ಅವರಿಗೆ ವಿದ್ಯೆ ಕಲಿಸಿದವರಲ್ಲಿ ನಾಟ್ಸ್ಲರ್ ದಂಪತಿಯೂ ಇದ್ದರೆಂದು ತಿಳಿದು ಆ ಬೆನ್ನು ಹತ್ತಿದೆ. ಗೆರ್ಟ್ರೂಡ್ ಮತ್ತು ಓಟೊ ನಾಟ್ಸ್ಲರ್ 1938ರಲ್ಲಿ ವಿಯೆನ್ನಾ ಬಿಟ್ಟು ಲಾಸ್ ಏಂಜಲೀಸ್‌ಗೆ ಬಂದವರು. ತಿಗರಿಯ ಕೆಲಸ ಆಕೆಯದು, ಗ್ಲೇಜು (ಮಡಕೆಯ ಮೇಲೆ ಬಳಿದು ಬೇಯಿಸುವ ಗಾಜಿನಂಥ ಲೇಪ) ಮತ್ತು ಆವಿಗೆ ಆತನದು. ಆಕೆಯ ಬಟ್ಟಲುಗಳ ಗೋಡೆ ಕೈಗೆ ಎಷ್ಟು ತೆಳುವೆಂದರೆ ಹಿಡಿದುಕೊಳ್ಳಲು ಭಯವಾಗುತ್ತದೆ. 1971ರಲ್ಲಿ ಗೆರ್ಟ್ರೂಡ್ ತೀರಿಕೊಂಡ ಮೇಲೆ ಆ ಕೈಯ ಬಟ್ಟಲು ಮತ್ತೊಂದು ಹುಟ್ಟಲಿಲ್ಲ, ಮತ್ತು ಮಾರುವವರು ಗಿರಾಕಿಯನ್ನು ಅವಸರಪಡಿಸಲು ಬಳಸುವುದೂ ಇದೇ ಮಾತನ್ನು.

ನಾನು ಕಂಡದ್ದು ಒಬ್ಬ ವ್ಯಾಪಾರಿ ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟಿದ್ದ, ಐದಂಗುಲ ಅಗಲದ, ಹಸಿರು ಬೆರೆತ ನೀಲಿ ಗ್ಲೇಜಿನ ಪುಟ್ಟ ಬಟ್ಟಲು. ಅಡಿಯಲ್ಲಿ ಶಾಯಿಯ ಸಹಿ ಇತ್ತು, ಸಹಿ ಅಸಲಿಯೇ. ದಂಪತಿ ಅಂಟಿಸುತ್ತಿದ್ದ ಸಂಖ್ಯೆಯ ಕಾಗದದ ಚೀಟಿ ಇರಲಿಲ್ಲ. ಚೀಟಿ ಉದುರಿಹೋಗುವುದು ಸಾಮಾನ್ಯವಾದ್ದರಿಂದ ಅದನ್ನು ನಾನು ದೊಡ್ಡದು ಮಾಡಲಿಲ್ಲ. ಚಕ್ಕೆ ಎದ್ದಿದೆಯೇ, ಬಿರುಕಿದೆಯೇ ಎಂದು ಎರಡೆರಡು ಸಲ ಕೇಳಿದೆ. ‘ಚಕ್ಕೆಯಿಲ್ಲ, ಬಿರುಕಿಲ್ಲ, ಚಿತ್ರಗಳನ್ನು ನೋಡಿ’ ಎಂದು ಎರಡು ಸಲವೂ ಒಂದೇ ಉತ್ತರ. ದುರಸ್ತಿಯಾಗಿದೆಯೇ ಎಂದು ಮಾತ್ರ ನಾನು ಕೇಳಲಿಲ್ಲ. ಕೇಳಲಿಲ್ಲ! ಸಂತೆಯಲ್ಲಿ ಹತ್ತು ರೂಪಾಯಿಯ ಗಡಿಗೆಯನ್ನೂ ಬೆರಳಿನ ಗೆಣ್ಣಿನಿಂದ ಬಡಿದು, ದನಿ ಕೇಳಿ ಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಇನ್ನಿಬ್ಬರು ಕೇಳುತ್ತಿದ್ದಾರೆ, ಪೇಪಾಲ್‌ನಲ್ಲಿ ಸ್ನೇಹಿತರಿಗೆ ಹಣ ಕಳಿಸುವ ದಾರಿಯಲ್ಲಿ ಕಳಿಸಿದರೆ 75 ಡಾಲರ್ ಬಿಡುತ್ತೇನೆ ಎಂದ ಆ ವ್ಯಾಪಾರಿ. ಆ ದಾರಿಯಲ್ಲಿ ಕೊಳ್ಳುವವನಿಗೆ ರಕ್ಷಣೆಯಿಲ್ಲವೆಂದು ತಿಳಿದೂ ಕಳಿಸಿದೆ.

ಬಟ್ಟಲು ಬಂತು, ಐದು ವಾರ ಕಪಾಟಿನಲ್ಲಿ ಮೆರೆಯಿತು. ಬೆಕ್ಕು ಎಲ್ಲೆಲ್ಲಿ ಉಚ್ಚೆ ಹೊಯ್ದಿದೆ ಎಂದು ಹುಡುಕಲು ತಂದ ಯುವಿ (ನೇರಳಾತೀತ ಬೆಳಕಿನ) ಟಾರ್ಚನ್ನು ಒಂದು ರಾತ್ರಿ ತಮಾಷೆಗೆಂದು ಅದರತ್ತ ಹಿಡಿದೆ. ಬಟ್ಟಲೆಲ್ಲ ಕಪ್ಪಾಗಿದ್ದು, ಅಂಚಿನಲ್ಲಿ ಹೆಬ್ಬೆರಳುದ್ದದ ಭಾಗ ಮಾತ್ರ ಹಾಲು ಚೆಲ್ಲಿದಂತೆ ಬೆಳ್ಳಗೆ ಹೊಳೆಯಿತು. ನಾನು ಟಾರ್ಚ್ ಆರಿಸಿದೆ, ಮತ್ತೆ ಹಚ್ಚಿದೆ, ಮತ್ತೆ ಆರಿಸಿದೆ. ಅಂಚನ್ನು ಹಲ್ಲಿಗೆ ತಾಗಿಸಿದೆ: ಬೇರೆ ಕಡೆ ಗಾಜಿನಂತೆ ಟಕ್ಕೆನ್ನುವುದು ಅಲ್ಲಿ ಪ್ಲಾಸ್ಟಿಕ್ಕಿನಂತೆ ಮೆತ್ತಗಿತ್ತು. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಹತ್ತಿಗೆ ಹಾಕಿ ಒರೆಸಿದರೆ ಹತ್ತಿ ನೀಲಿಯಾಯಿತು. ಆವಿಗೆಯಲ್ಲಿ ಬೆಂದ ಗ್ಲೇಜು ಹತ್ತಿಗೆ ಹತ್ತುವುದಿಲ್ಲ. ಬಣ್ಣದ ಅಡಿಯಲ್ಲಿ ಮೆತ್ತಿದ ಪುಟ್ಟಿಯಂಥ ಬಿಳಿಯ ಲಪ್ಪ, ಅದರಿಂದ ಬಟ್ಟಲಿನ ನಡುವಿನವರೆಗೆ ಇಳಿದ ಕೂದಲೆಳೆಯ ಬಿರುಕು. ಆಮೇಲೆ ಬಡಿದು ನೋಡಿದೆ. ದನಿ ಸತ್ತಿತ್ತು.

ವ್ಯಾಪಾರಿಗೆ ಬರೆದೆ. ಇನ್ನು ಆತನ ಉತ್ತರಗಳು. ಮೊದಲನೆಯದು: ‘ಓಟೊ ಅವರ ಗ್ಲೇಜುಗಳ ಸ್ವಭಾವವೇ ಹಾಗೆ, ತಿಳಿದವರಿಗೆ ಗೊತ್ತು.’ ಹತ್ತಿಯ ಚಿತ್ರ ಕಳಿಸಿದ ಮೇಲೆ ಎರಡನೆಯದು: ‘ಸಾಗಣೆಯಲ್ಲಿ ಪೆಟ್ಟು ಬಿದ್ದಿರಬೇಕು.’ ಲಾರಿಯಲ್ಲಿ ಬಟ್ಟಲು ಒಡೆಯಬಹುದು ಸ್ವಾಮಿ, ಒಡೆದ ಮೇಲೆ ತನಗೆ ತಾನೇ ಲಪ್ಪ ಮೆತ್ತಿಕೊಂಡು, ಬಣ್ಣ ಬಳಿದುಕೊಂಡು ನನ್ನ ಬಾಗಿಲಿಗೆ ಬರುತ್ತದೆಯೇ? ಮೂರನೆಯದನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ: ‘ಬಿರುಕಿಲ್ಲ ಎಂದು ಹೇಳಿದ್ದೆನೇ ಹೊರತು ದುರಸ್ತಿಯಾಗಿಲ್ಲವೆಂದು ನಾನು ಹೇಳಿರಲಿಲ್ಲ. ನೀವು ಕೇಳಲೂ ಇಲ್ಲ.’ ನಾಲ್ಕನೆಯದು: ‘ಈಗ ನೀವೇ ರಾಸಾಯನಿಕ ಹಾಕಿ ಉಜ್ಜಿದ್ದೀರಿ, ನಾನು ಕಳಿಸಿದ ಸ್ಥಿತಿಯಲ್ಲಿ ಅದು ಇಲ್ಲ, ಹಿಂದಕ್ಕೆ ತೆಗೆದುಕೊಳ್ಳಲಾಗದು. ಬಟ್ಟಲು ನೋಡಿ ಖುಷಿಪಡಿ.’ ಅಲ್ಲಿಗೆ ನನ್ನನ್ನು ಬ್ಲಾಕ್ ಮಾಡಿದ.

ಆದ್ದರಿಂದ ‘ದುರಸ್ತಿ, ಮರುಬಣ್ಣ ಏನಾದರೂ ಆಗಿದೆಯೇ’ ಎಂದು ಅದೇ ಪದಗಳಲ್ಲಿ ಬರಹದಲ್ಲಿ ಕೇಳಿ, ಉತ್ತರವನ್ನೂ ಬರಹದಲ್ಲಿ ಪಡೆಯಿರಿ. ಯುವಿ ಬೆಳಕಿನಲ್ಲಿ ಅಂಚಿನ ಸುತ್ತ ತೆಗೆದ ಚಿತ್ರ ಬೇಕೆನ್ನಿ, ಗೊಣಗಿದರೆ ಬಿಟ್ಟುಬಿಡಿ. ಸ್ನೇಹಿತರ ದಾರಿಯಲ್ಲಿ ಹಣ ಕಳಿಸಲೇಬೇಡಿ, ಆತ ನಿಮ್ಮ ಸ್ನೇಹಿತನಲ್ಲ. ವಸ್ತು ಬಂದ ದಿನವೇ ಪರೀಕ್ಷಿಸಿ, ಚಿತ್ರ ತೆಗೆಯಿರಿ, ಮತ್ತು ನನ್ನಂತೆ ಅಸಿಟೋನ್ ಹಚ್ಚಿ ಆತನ ಕೈಗೆ ನೆಪ ಕೊಡಬೇಡಿ.

ಕಳೆದ ವಾರ ಗೆಳೆಯನ ಖಾತೆಯಿಂದ ನೋಡಿದೆ. ಅದೇ ವ್ಯಾಪಾರಿ ಇನ್ನೊಂದು ಬಟ್ಟಲನ್ನು ಮಾರಾಟಕ್ಕಿಟ್ಟಿದ್ದಾನೆ, ಈ ಸಲ ಹಳದಿಯದು. ವಿವರಣೆಯಲ್ಲಿ ಅದೇ ಎರಡು ಮಾತು, ಚಕ್ಕೆಯಿಲ್ಲ, ಬಿರುಕಿಲ್ಲ. ಹನ್ನೆರಡು ಚಿತ್ರಗಳಿವೆ, ಹನ್ನೆರಡರಲ್ಲೂ ಅಂಚಿನ ಎಡಭಾಗ ನೆರಳಿನಲ್ಲಿದೆ.