ಫ್ಯೂಷನ್‌ನ ಉಚಿತ ಪರವಾನಗಿಯೋ, ಫ್ರೀಕ್ಯಾಡೋ?

ಚಿಕ್ಕಮಗಳೂರಿನಲ್ಲಿ ಸಿಲ್ವರ್ ಓಕ್ ಪೀಠೋಪಕರಣವನ್ನೋ ಕಾಫಿ ಪಲ್ಪರ್‌ನ ಬಿಡಿಭಾಗವನ್ನೋ ಕಂಪ್ಯೂಟರಿನಲ್ಲಿ ವಿನ್ಯಾಸಗೊಳಿಸಲು ಹೊರಟವರು, ತಂತ್ರಾಂಶದ ಸೌಲಭ್ಯಗಳನ್ನು ನೋಡುವ ಮೊದಲು ಅದರ ಪರವಾನಗಿಯನ್ನು ಓದಬೇಕು.

ಆಟೋಡೆಸ್ಕ್ ಕಂಪನಿಯ ವಿನ್ಯಾಸ ತಂತ್ರಾಂಶ ಫ್ಯೂಷನ್ ವೈಯಕ್ತಿಕ ಬಳಕೆಗೆ ಉಚಿತ. ಕಲಿಯುವುದು ಸುಲಭ, ಮರ, ಲೋಹಗಳನ್ನು ತಾನಾಗಿ ಕತ್ತರಿಸುವ ಸಿಎನ್‌ಸಿ ಯಂತ್ರಕ್ಕೆ ಬೇಕಾದ ಸೂಚನೆಗಳನ್ನೂ ಅದರಲ್ಲೇ ಸಿದ್ಧಪಡಿಸಬಹುದು. ಆದರೆ ಆ ಪರವಾನಗಿ ಹವ್ಯಾಸಿಗಳಿಗೆಂದೇ ಇರುವಂಥದ್ದು, ಮಾರಾಟಕ್ಕೆಂದು ದುಡಿಯುವವರಿಗಲ್ಲ. ಒಮ್ಮೆಗೆ ತಿದ್ದಬಹುದಾದ ಕಡತಗಳು 10 ಮಾತ್ರ, ಮತ್ತು 2020ರಲ್ಲಿ ಆದಂತೆ ಕಂಪನಿ ಉಚಿತ ಸೌಲಭ್ಯಗಳನ್ನು ಮೊಟಕುಗೊಳಿಸಿದರೆ ಬಳಕೆದಾರರಿಗೆ ಗತ್ಯಂತರವಿರುವುದಿಲ್ಲ. ಇದೇ ಬಗೆಯ ಇನ್ನೊಂದು ತಂತ್ರಾಂಶವಾದ ಆನ್‌ಶೇಪ್‌ನ ಉಚಿತ ಖಾತೆಯಲ್ಲಂತೂ ವಿನ್ಯಾಸಗಳು ಸಾರ್ವಜನಿಕವಾಗಿರುತ್ತವೆ. ಗಿರಾಕಿಯ ನಕ್ಷೆಯನ್ನು ಅಲ್ಲಿಡುವುದು ಸಲ್ಲದು.

ಫ್ರೀಕ್ಯಾಡ್ ದೊರೆಯುವುದು ಎಲ್‌ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯಡಿ. ಅದಕ್ಕೆ ಆದಾಯದ ಮಿತಿಯಾಗಲಿ ಕಡತಗಳ ಮಿತಿಯಾಗಲಿ ಇಲ್ಲ. ಎಷ್ಟು ಕಂಪ್ಯೂಟರುಗಳಿಗೆ ಬೇಕಾದರೂ ಹಾಕಿಕೊಳ್ಳಬಹುದು, ಅಂತರ್ಜಾಲ ಸಿಗದ ತೋಟದ ಮನೆಯಲ್ಲೂ ಅದು ನಡೆಯುತ್ತದೆ. ಇಂಥ ತಂತ್ರಾಂಶದಲ್ಲಿ ಬಿಡಿಸಿದ್ದನ್ನು ಮಾರುವಂತಿಲ್ಲ ಎಂಬ ತಪ್ಪು ತಿಳಿವಳಿಕೆ ಕೆಲವರಲ್ಲಿದೆ. ಪರವಾನಗಿಯ ಷರತ್ತುಗಳು ತಂತ್ರಾಂಶದ ಕೋಡ್‌ಗೆ ಅನ್ವಯಿಸುತ್ತವೆಯೇ ಹೊರತು ನಿಮ್ಮ ನಕ್ಷೆಗಾಗಲಿ, ಅದರಂತೆ ತಯಾರಿಸಿದ ಕುರ್ಚಿಗಾಗಲಿ ಅಲ್ಲ. ಕಲಿಯಲು ಮಾತ್ರ ಹೆಚ್ಚು ತಾಳ್ಮೆ ಬೇಕು, 2024ರ 1.0 ಆವೃತ್ತಿ ಬಂದ ನಂತರವೂ.

ಮಾರಾಟಕ್ಕೆಂದೇ ದುಡಿಯುವ ಸಣ್ಣ ವರ್ಕ್‌ಶಾಪಿಗೆ ನಾನು ಫ್ರೀಕ್ಯಾಡನ್ನೇ ಸೂಚಿಸುತ್ತೇನೆ. ಬಿಡುವಿನ ವೇಳೆಯಲ್ಲಿ ಮನೆಮಟ್ಟಿಗೆ ಕಲಿಯುವವರಿಗೆ ಫ್ಯೂಷನ್ ಸಾಕು.