ಬಾಬಾಬುಡನ್‌ಗಿರಿ ಅರೇಬಿಕಾ ಮತ್ತು ದಿನಬಳಕೆಯ ಚಿಕೋರಿ ಪುಡಿ: ನನ್ನ ಮತ ಗಿರಿಯ ಕಾಫಿಗೆ

ಬಾಬಾಬುಡನ್‌ಗಿರಿಯ ಅರೇಬಿಕಾ ಬಂದ ಮೇಲೆ ನಮ್ಮ ಮನೆಯಲ್ಲಿ ಚಿಕೋರಿ ಬೆರೆತ ಪುಡಿಯ ಖರ್ಚು ಅರ್ಧಕ್ಕೆ ಇಳಿದಿದೆ. ಪೂರ್ತಿ ನಿಂತಿಲ್ಲ, ಅದರ ಕಾರಣ ಮುಂದೆ ಹೇಳುತ್ತೇನೆ. ಆದರೆ ಎರಡರಲ್ಲಿ ಯಾವುದು ಹೆಚ್ಚು ಎಂದು ಯಾರಾದರೂ ಕೇಳಿದರೆ, ಗಿರಿಯ ಕಾಫಿಯೇ ಎಂದು ತಡವರಿಸದೆ ಹೇಳುತ್ತೇನೆ.

ನಾನು ಹೋಲಿಸಿದ್ದು ಇವೆರಡನ್ನು. ಒಂದು, ಬಾಬಾಬುಡನ್‌ಗಿರಿಯ ಬೆಟ್ಟಸಾಲಿನಲ್ಲಿ ಬೆಳೆದ ಅರೇಬಿಕಾ. 2019ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ, ಅರಕು ಕಣಿವೆಯ ಅರೇಬಿಕಾ ಮತ್ತು ವಯನಾಡು ರೊಬಸ್ಟಾಗಳ ಜೊತೆ ಇದಕ್ಕೂ ಜಿಐ, ಅಂದರೆ ಬೆಳೆದ ಊರನ್ನು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿತು. ಇನ್ನೊಂದು, ನಮ್ಮ ಬೀದಿಯ ಅಂಗಡಿಯಲ್ಲಿ ವರ್ಷಗಳಿಂದ ಕೊಳ್ಳುತ್ತಿರುವ 70-30ರ ಪುಡಿ. ಕಾಫಿ 70 ಪಾಲು, ಹುರಿದ ಬೇರಿನ ಪುಡಿಯಾದ ಚಿಕೋರಿ 30 ಪಾಲು. ಅದರ ಕಾಫಿಯಲ್ಲೂ ಕಾಫಿಯ ಇನ್ನೊಂದು ಜಾತಿಯಾದ ರೊಬಸ್ಟಾ ಸಾಕಷ್ಟಿದೆ. ಬೆರಕೆ ಪುಡಿಯಲ್ಲಿ ಕಾಫಿ ಕನಿಷ್ಠ ಶೇ 51ರಷ್ಟು ಇರಬೇಕು, ಅನುಪಾತವನ್ನು ಪೊಟ್ಟಣದ ಮೇಲೆ ಅಚ್ಚು ಹಾಕಬೇಕು ಎಂಬ ನಿಯಮವಿದೆ. ಕೊಳ್ಳುವಾಗ ಆ ಸಾಲನ್ನು ಓದಿಕೊಳ್ಳಿ.

ರುಚಿಯ ವಿಷಯಕ್ಕೆ ಬಂದರೆ, ಹಾಲು ಬೆರೆಸುವ ಮುನ್ನ ಎರಡೂ ಡಿಕಾಕ್ಷನ್‌ಗಳನ್ನು ಒಂದೊಂದು ಗುಟುಕು ಕುಡಿದು ನೋಡಬೇಕು. ಚಿಕೋರಿಯದು ಮೊದಲು ಸುಟ್ಟ ಸಿಹಿ, ಹಿಂದೆಯೇ ನಾಲಿಗೆಯ ಬುಡದಲ್ಲಿ ನಿಲ್ಲುವ ಕಹಿ. ಗಿರಿಯದು ಹಗುರ. ತುಸು ಹುಳಿ ಇದೆ, ಆದರೆ ಹಲ್ಲು ಜುಮ್ಮೆನ್ನಿಸುವಂಥದ್ದಲ್ಲ. ಕಾಫಿ ಆರಿದಾಗ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಆರಿದ ಚಿಕೋರಿ ಕಾಫಿಯನ್ನು ನಾನು ಸಿಂಕಿಗೆ ಸುರಿಯುತ್ತೇನೆ, ಗಿರಿಯದು ಆರಿದರೂ ಕೊನೆಯ ಗುಟುಕಿನವರೆಗೆ ಕುಡಿಯುತ್ತೇನೆ.

ತೊಡಕು ಶುರುವಾದದ್ದು ಫಿಲ್ಟರಿನಲ್ಲಿ. ನಮ್ಮದು ಒಂದರ ಮೇಲೊಂದು ಕೂರುವ ಎರಡು ಪಾತ್ರೆಗಳ ಸ್ಟೀಲ್ ಫಿಲ್ಟರ್. ಚಿಕೋರಿ ಪುಡಿಗೆ ಕುದಿನೀರು ಹೊಯ್ದು ಮುಚ್ಚಿಟ್ಟರೆ ಸ್ನಾನ ಮುಗಿಸಿ ಬರುವ ಹೊತ್ತಿಗೆ ಕೆಳಗಿನ ಪಾತ್ರೆಯಲ್ಲಿ ಕಪ್ಪನೆಯ, ಚಮಚದ ಬೆನ್ನಿಗೆ ಅಂಟುವ ಡಿಕಾಕ್ಷನ್ ಇಳಿದಿರುತ್ತದೆ. ಗಿರಿಯ ಪುಡಿಗೆ ಅದೇ ರೀತಿ ನೀರು ಹೊಯ್ದರೆ, ಒಲೆಯ ಮೇಲಿನ ಹಾಲು ಉಕ್ಕುವ ಮೊದಲೇ ಎಲ್ಲವೂ ಕೆಳಗೆ ಸುರಿದಿತ್ತು. ನೋಡಿದರೆ ಚಹಾದ ಬಣ್ಣ. ಹಾಲು ಬೆರೆಸಿದ ಮೇಲೆ ಲೋಟದಲ್ಲಿ ಇದ್ದದ್ದು ಸ್ವಲ್ಪ ಕಂದಾದ ಬಿಸಿ ಹಾಲು. ಅಮ್ಮ ಒಂದು ಗುಟುಕು ಕುಡಿದು ಲೋಟ ಪಕ್ಕಕ್ಕಿಟ್ಟರು.

ಪುಡಿಯನ್ನು ಬೆರಳುಗಳ ನಡುವೆ ಉಜ್ಜಿದಾಗ ಕಾರಣ ಗೊತ್ತಾಯಿತು. ಚಿರೋಟಿ ರವೆಯಂತೆ ತರಿತರಿಯಾಗಿತ್ತು. ಕಾಗದದ ಶೋಧಕದಲ್ಲಿ ಸೋಸುವವರಿಗೆ ಅದು ಸರಿಯಾದ ಹದ, ನಮ್ಮ ಫಿಲ್ಟರಿಗೆ ಅಲ್ಲ. ಮೇಲಾಗಿ ಚಿಕೋರಿ ನೆನೆದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನೀರಿಗೆ ಕರಗುವ ಅಂಶವೂ ಅದರಲ್ಲಿ ಕಾಫಿಗಿಂತ ಹೆಚ್ಚು. ನಾವು ಗಟ್ಟಿ ಕಾಫಿ ಎಂದು ಮೆಚ್ಚುವುದರಲ್ಲಿ ಚಿಕೋರಿಯ ಪಾಲು ದೊಡ್ಡದು. ಅದಿಲ್ಲದ ಪುಡಿ ನುಣ್ಣಗೂ ಇಲ್ಲದಿದ್ದರೆ ನೀರು ನಿಲ್ಲುವುದಾದರೂ ಹೇಗೆ?

ಮಾರಿದವರನ್ನು ಕೇಳಿದರೆ, ಎಲ್ಲ ಬಗೆಯ ಫಿಲ್ಟರಿಗೂ ಇದೇ ಪುಡಿ ಎಂದುಬಿಟ್ಟರು. ನನಗೆ ಸಿಟ್ಟು ಬಂದದ್ದು ಇಲ್ಲಿ. ಸಾಮಾನ್ಯ ಪುಡಿಯ ಎರಡೂವರೆ ಪಟ್ಟು ಬೆಲೆ ತೆಗೆದುಕೊಳ್ಳುವವರು ಯಾವ ಹದ ಬೇಕು ಎಂದು ಒಂದು ಮಾತು ಕೇಳಬಾರದೇ? ಬೀದಿಯ ಅಂಗಡಿಯವರು ಪ್ರತಿ ಸಲವೂ ಕೇಳುತ್ತಾರೆ, ಕಣ್ಣೆದುರೇ ಯಂತ್ರಕ್ಕೆ ಬೀಜ ಸುರಿದು ಬೆಚ್ಚಗಿನ ಪೊಟ್ಟಣ ಕೈಗಿಡುತ್ತಾರೆ. ಈ ದುಬಾರಿ ಪೊಟ್ಟಣದ ಬೆನ್ನಿನಲ್ಲಿ ಸೂಫಿ ಸಂತ ಬಾಬಾ ಬುಡನ್ ಯೆಮೆನ್‌ನಿಂದ ತಂದರೆಂಬ ಏಳು ಬೀಜಗಳ ಕಥೆ ಇತ್ತು, ಹುರಿದ ದಿನಾಂಕ ಇರಲಿಲ್ಲ. ಜಿಐ ಗುರುತು ಬೀಜ ಎಲ್ಲಿಯದು ಎಂದಷ್ಟೇ ಹೇಳುತ್ತದೆ. ಯಾವಾಗ ಹುರಿದರು, ಹೇಗೆ ಪುಡಿ ಮಾಡಿದರು ಎಂಬುದನ್ನು ಕೊಳ್ಳುವವರೇ ಕೇಳಿ ತಿಳಿದುಕೊಳ್ಳಬೇಕು.

ತೂತಿನ ಬಿಲ್ಲೆಯನ್ನು ಒತ್ತಿ ಕೂರಿಸಿದೆ, ಪುಡಿ ಹೆಚ್ಚಿಸಿದೆ, ನೀರು ಕಡಿಮೆ ಮಾಡಿದೆ. ಸ್ವಲ್ಪ ಸುಧಾರಿಸಿತೇ ಹೊರತು ಡಿಕಾಕ್ಷನ್ ಎನ್ನುವಂತೆ ಆಗಲಿಲ್ಲ. ಮಿಕ್ಸಿಯಲ್ಲಿ ತಿರುಗಿಸಿದರೆ ಅರ್ಧ ಹಿಟ್ಟು, ಅರ್ಧ ತರಿ. ಕೊನೆಗೆ ಕೈಗೆ ಬಂದ ದಾರಿ ಇದು: ಈಗ ಪುಡಿ ಕೊಳ್ಳುವುದಿಲ್ಲ, ಹುರಿದ ಬೀಜವನ್ನೇ ತಂದು ಕೈಯಿಂದ ತಿರುಗಿಸುವ ಗ್ರೈಂಡರಿನಲ್ಲಿ ನುಣ್ಣಗೆ ಪುಡಿ ಮಾಡುತ್ತೇನೆ. ಮೊದಲು ಪುಡಿ ನೆನೆಯುವಷ್ಟು ಮಾತ್ರ ಬಿಸಿನೀರು. ಹೊಸದಾಗಿ ಹುರಿದದ್ದಾದರೆ ಒಳಗಿನ ಗಾಳಿ ಹೊರಬಂದು ಪುಡಿ ಉಬ್ಬುತ್ತದೆ. ಅರ್ಧ ನಿಮಿಷ ಬಿಟ್ಟು ಉಳಿದ ನೀರನ್ನು ನಿಧಾನವಾಗಿ ಹೊಯ್ದರೆ ಡಿಕಾಕ್ಷನ್ ಹನಿಹನಿಯಾಗಿ ಇಳಿಯುತ್ತದೆ. ಚಿಕೋರಿಯಷ್ಟು ಕಪ್ಪಾಗುವುದಿಲ್ಲ, ಆದರೆ ಹಾಲು ಬೆರೆಸಿದರೂ ರುಚಿ ಉಳಿಯುತ್ತದೆ.

ನಿದ್ರೆಯ ಲೆಕ್ಕದಲ್ಲಿ ಯಾವುದು ಮೇಲು ಎಂದು ಹೇಳುವುದು ಕಷ್ಟ. ಅರೇಬಿಕಾದಲ್ಲಿ ಕೆಫೀನ್ ರೊಬಸ್ಟಾದ ಸುಮಾರು ಅರ್ಧದಷ್ಟು, ಆದರೆ ಚಿಕೋರಿಯಲ್ಲಿ ಕೆಫೀನ್ ಇಲ್ಲವೇ ಇಲ್ಲ. ಬಣ್ಣದಲ್ಲಿ ಚಿಕೋರಿ ಗೆಲ್ಲುತ್ತದೆ. ಉಳಿದ ಡಿಕಾಕ್ಷನ್ ಸಂಜೆಗೆ ಇಡುವುದಾದರೂ ಚಿಕೋರಿಯದೇ ವಾಸಿ, ಗಿರಿಯದು ಅಷ್ಟರಲ್ಲಿ ಘಮ ಕಳೆದುಕೊಂಡಿರುತ್ತದೆ.

ನಮ್ಮ ಮನೆಯಲ್ಲಿ ಬೆಳಿಗ್ಗೆ ನಾಲ್ವರಿಗೆ ಅವಸರದ ಹಾಲಿನ ಕಾಫಿ ಆಗಬೇಕು, ಅಮ್ಮನಿಗೆ ಗಟ್ಟಿಯಾಗಿಯೇ ಬೇಕು. ಅದಕ್ಕೆ ಬೀದಿಯ ಅಂಗಡಿಯ ಪುಡಿ ಉಳಿದುಕೊಂಡಿದೆ. ಮಧ್ಯಾಹ್ನ ನಾನೊಬ್ಬನೇ, ಹಾಲು ಕಡಿಮೆ, ಸಕ್ಕರೆ ಇಲ್ಲ, ಪುಡಿ ಮಾಡಿಕೊಳ್ಳಲು ಸಮಯವೂ ಇದೆ. ಅದು ಗಿರಿಯ ಹೊತ್ತು. ತಿಂಗಳಿಗೆ ಕಾಲು ಕಿಲೋ ಬೀಜ ನನಗೆ ಸಾಕು, ಅಷ್ಟಕ್ಕೆ ಕೈ ಕಚ್ಚುವುದಿಲ್ಲ. ನಾಲ್ವರಿಗೂ ಎರಡು ಹೊತ್ತು ಇದನ್ನೇ ಕೊಡಲು ಹೊರಟರೆ ನನ್ನ ಸಂಬಳಕ್ಕೆ ಭಾರ. ಮುಕ್ಕಾಲು ಲೋಟ ಹಾಲು ಬೇಕೆನ್ನುವವರು ಇದಕ್ಕೆ ಹಣ ಸುರಿಯುವುದು ಬೇಡ.

ಗಿರಿಯ ಪುಡಿಗೇ ಸ್ವಲ್ಪ ಚಿಕೋರಿ ಬೆರೆಸಿ ಎಂದು ಕೆಲವರು ಸಲಹೆ ಕೊಟ್ಟರು. ಬೆರೆಸಿ ನೋಡಿದೆ, ಗಟ್ಟಿಯೇನೋ ಆಯಿತು, ಯಾವ ಘಮಕ್ಕೆ ಅಷ್ಟು ಬೆಲೆ ತೆತ್ತಿದ್ದೆನೋ ಅದು ಅಡಗಿಹೋಯಿತು. ಬೆರೆಸಲೇಬೇಕೆಂದರೆ ಅಂಗಡಿಯ ಸಾದಾ ಅರೇಬಿಕಾ ಪುಡಿಗೆ ಬೆರೆಸಿಕೊಳ್ಳಿ.