ಬೆನ್ನಿಗೆ ಕಟ್ಟುವ ಪೆಟ್ರೋಲ್ ಪಂಪ್‌ಗೆ ಸಲೈನ್ ಪೈಪ್ ಹಾಕಿಸಬೇಡಿ

ತೊಗರಿಗೆ ಔಷಧಿ ಹೊಡೆಯುವ ಕಾಲ ಬಂತು. ಮೂಲೆಗಿಟ್ಟ ಪಂಪ್‌ಗಳೆಲ್ಲ ಈಗ ರಿಪೇರಿ ಅಂಗಡಿಗೆ ಹೋಗುತ್ತವೆ. ಅದಕ್ಕೇ ಇವತ್ತೇ ಬರೆಯುತ್ತಿದ್ದೇನೆ. ಪೆಟ್ರೋಲ್ ಟ್ಯಾಂಕಿನಿಂದ ಕಾರ್ಬೊರೇಟರ್‌ಗೆ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗಕ್ಕೆ) ಹೋಗುವ ಸಣ್ಣ ಪೈಪನ್ನು ಒಮ್ಮೆ ನೋಡಿ. ಅದು ಆಸ್ಪತ್ರೆಯ ಸಲೈನ್ ಪೈಪ್ ಆಗಿದ್ದರೆ, ಇಲ್ಲವೇ ಹೊಲಕ್ಕೆ ಹನಿ ನೀರು ಬಿಡುವ ಡ್ರಿಪ್‌ನ ತೆಳು ಪೈಪ್ ಆಗಿದ್ದರೆ, ಆ ಪಂಪನ್ನು ಹೊಲಕ್ಕೆ ಒಯ್ಯಬೇಡಿ.

ಹೋದ ವರ್ಷ ಚಿತ್ತಾಪುರ ಕಡೆಯ ನಮ್ಮ ಹೊಲದಲ್ಲಿ ನಡೆದದ್ದು ಹೇಳುತ್ತೇನೆ. ನಮ್ಮ ಟೂ-ಸ್ಟ್ರೋಕ್ ಪಂಪಿನ ಪೈಪ್ ಬಿರಿದಿತ್ತು. ಪೆಟ್ರೋಲಿನ ಪೈಪೇ ಹಾಕಿ ಅಂತ ಹೇಳಿ ಕಲಬುರಗಿಯ ಒಂದು ಅಂಗಡಿಗೆ ಕೊಟ್ಟೆವು. ತರಲು ಹೋದಾಗ ಬಿಳಿ ಪೈಪ್ ಕಂಡಿತು. "ಇದು ಸಲೈನ್ ಪೈಪ್ ಇದ್ದಂಗದಲ್ರಿ?" ಅಂತ ತಮ್ಮ ಕೇಳಿದ. "ಎಲ್ಲಾರಿಗೂ ಇದೇ ಹಾಕ್ತೀವ್ರಿ. ಪೆಟ್ರೋಲ್ ಹೊಂಟದ್ದು ಕಣ್ಣಿಗೆ ಕಾಣ್ತದ. ಏನೂ ಆಗಂಗಿಲ್ಲ" ಅಂದರು.

ಮೊದಮೊದಲು ಚೆನ್ನಾಗಿಯೇ ನಡೆಯಿತು. ಆಮೇಲೆ ರೇಸ್ ಕೊಟ್ಟರೆ ಎಂಜಿನ್ ಏರಿಳಿಯಲು ಶುರುವಾಯಿತು, ಬಿಸಿ ಏರಿದರೆ ನಿಂತೇಬಿಡುತ್ತಿತ್ತು. ಮತ್ತೆ ಅದೇ ಅಂಗಡಿಗೆ ಒಯ್ದರೆ ಕಾರ್ಬೊರೇಟರ್ ಸ್ಕ್ರೂ ತಿರುಗಿಸಿ ಕೊಟ್ಟರು. ಪೈಪನ್ನು ಮುಟ್ಟಲಿಲ್ಲ.

ಒಂದು ಮಧ್ಯಾಹ್ನ ತಮ್ಮ ಪಂಪ್ ಇಳಿಸಿ ಬದುವಿನ ಮೇಲೆ ಬಿಸಿಲಲ್ಲೇ ಇಟ್ಟು ನೀರು ಕುಡಿಯಲು ಕೂತ. ಅವನ ಅಂಗಿಯ ಬೆನ್ನು ಒದ್ದೆಯಾಗಿತ್ತು. ಬೆವರು ಅಂತ ಎಲ್ಲರೂ ತಿಳಿದೆವು. ಔಷಧಿಯ ವಾಸನೆ, ಮೂಗಿಗೆ ಕಟ್ಟಿದ ಬಟ್ಟೆ, ಇವುಗಳ ನಡುವೆ ಪೆಟ್ರೋಲ್ ವಾಸನೆ ಗೊತ್ತಾಗಲೇ ಇಲ್ಲ. ಎದ್ದು ಹಗ್ಗ ಎಳೆದ ಕೂಡಲೇ ಭಗ್ ಅಂತ ಬೆಂಕಿ ಹತ್ತಿತು. ಮೊಣಕೈವರೆಗೆ ಸುಟ್ಟಿತು. ಒಬ್ಬರು ಬಕೆಟ್ ನೀರು ಎತ್ತಿಕೊಂಡು ಓಡಿ ಬಂದರು. ನಮ್ಮ ಕಾಕಾ ಅವರನ್ನು ತಡೆದು ಮಣ್ಣು ಎರಚಿ ಆರಿಸಿದರು. ನೀರಿನ ಮೇಲೆ ಪೆಟ್ರೋಲ್ ತೇಲಿ ಬೆಂಕಿ ಇನ್ನೂ ಹರಡುತ್ತದೆ. ಪಂಪ್ ಬೆನ್ನ ಮೇಲಿರುವಾಗಲೇ ಹತ್ತಿದ್ದರೆ? ಆ ಬೆಲ್ಟ್‌ಗಳನ್ನು ಬಿಚ್ಚಲು ಎಷ್ಟು ಹೊತ್ತು ಬೇಕು ಅಂತ ಕಟ್ಟಿಕೊಂಡವರಿಗೆ ಗೊತ್ತು. ಇವತ್ತಿಗೂ ಅದನ್ನು ನೆನೆದರೆ ನನ್ನ ಎದೆ ಝಲ್ ಅನ್ನುತ್ತದೆ.

ಬೇರೆ ಮೆಕ್ಯಾನಿಕ್ ಒಬ್ಬರು ಕವರ್ ಬಿಚ್ಚಿ ತೋರಿಸಿದರು. ಪೈಪ್ ಉದ್ದ ಸಾಲದೆ ನಡುವೆ ಡ್ರಿಪ್‌ನ ಪ್ಲಾಸ್ಟಿಕ್ ಜಾಯಿನರ್ ಹಾಕಿದ್ದರು. ಕಾರ್ಬೊರೇಟರ್‌ನ ಮೂತಿ ದಪ್ಪ, ಪೈಪ್ ಸಣ್ಣದು. ಹಾಗಾಗಿ ಲೈಟರ್‌ನಲ್ಲಿ ಕಾಯಿಸಿ, ಹಿಗ್ಗಿಸಿ ತುರುಕಿದ್ದರು. ಮೇಲೆ ಬೈಂಡಿಂಗ್ ವೈರ್ ಬಿಗಿದಿದ್ದರು. ಹಿಗ್ಗಿಸಿದ ಜಾಗದಲ್ಲೇ ಸೀಳಿತ್ತು.

ಸಲೈನ್ ಪೈಪ್ ಸಾಮಾನ್ಯವಾಗಿ ಪಿವಿಸಿಯದ್ದು. ಅದು ಮೆತ್ತಗಿರಲು ಸೇರಿಸಿದ ಎಣ್ಣೆಯಂಥ ಪದಾರ್ಥವನ್ನು ಪೆಟ್ರೋಲ್ ಹೀರಿ ತೆಗೆಯುತ್ತದೆ. ಪೈಪ್ ಗಟ್ಟಿಯಾಗಿ, ಕುಗ್ಗಿ, ಬಿರಿಯುತ್ತದೆ. ಬಿರುಕಿನಲ್ಲಿ ಎಂಜಿನ್ ಗಾಳಿ ಎಳೆಯುತ್ತದೆ, ಪೆಟ್ರೋಲ್ ಕಮ್ಮಿ ಹೋಗುತ್ತದೆ. ಟೂ-ಸ್ಟ್ರೋಕ್‌ನಲ್ಲಿ ಆಯಿಲ್ ಬರುವುದೇ ಪೆಟ್ರೋಲ್ ಜೊತೆ. ಪೆಟ್ರೋಲ್ ಕಮ್ಮಿ ಆದರೆ ಆಯಿಲ್ಲೂ ಕಮ್ಮಿ, ಪಿಸ್ಟನ್ ಹಿಡಿದುಕೊಳ್ಳುತ್ತದೆ. ಬಿಸಿಲಿಗಿಟ್ಟರೆ ಟ್ಯಾಂಕಿನ ಒಳಗೆ ಒತ್ತಡ ಏರಿ ಅದೇ ಬಿರುಕಿನಿಂದ ಪೆಟ್ರೋಲ್ ಹೊರಗೆ ಬರುತ್ತದೆ. ಪಕ್ಕದಲ್ಲೇ ಕಾದ ಸೈಲೆನ್ಸರ್, ಪ್ಲಗ್‌ನ ಕಿಡಿ. ಸೊನ್ನೆಗಿಂತ 40 ಡಿಗ್ರಿ ಕೆಳಗೂ ಪೆಟ್ರೋಲ್ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮ ಬಿಸಿಲಲ್ಲಿ ಕೇಳಬೇಕೆ?

ಇನ್ನೊಂದು ವಿಷಯ. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಇ20 ಪೆಟ್ರೋಲ್ ಬಿಡುಗಡೆ ಆಯಿತು. ಅದರಲ್ಲಿ 20 ಪರ್ಸೆಂಟ್ ಎಥನಾಲ್ ಇರುತ್ತದೆ. ಹಳೆಯ ಅಥವಾ ಅಗ್ಗದ ರಬ್ಬರ್ ಪೈಪ್ ಅದಕ್ಕೆ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ಕಪ್ಪು ಪೈಪ್ ಅಂದ ಮಾತ್ರಕ್ಕೆ ನಂಬಬೇಡಿ. ಎಥನಾಲ್ ಪೆಟ್ರೋಲ್‌ಗೆ ಆಗುತ್ತದೆಯೇ ಅಂತ ಕೇಳಿಯೇ ತಗೊಳ್ಳಿ.

ಪೈಪ್ ತರಲು ಹೋಗುವಾಗ ಹಳೆಯ ತುಂಡು ಜೊತೆಗಿರಲಿ. ನೋಡಬೇಕಾದದ್ದು ಒಳಗಿನ ಅಳತೆ, ಹೊರಗಿನ ದಪ್ಪ ಅಲ್ಲ. ಆದರೆ ಟ್ಯಾಂಕಿನ ರಬ್ಬರ್ ಬುಷ್ ಮೂಲಕ ಪೈಪ್ ಹೋಗುವ ಪಂಪ್‌ಗಳಲ್ಲಿ ಹೊರಗಿನ ಅಳತೆಯೂ ಸರಿ ಇರಬೇಕು, ಇಲ್ಲದಿದ್ದರೆ ಅಲ್ಲೇ ಸೋರುತ್ತದೆ. ಎರಡು ಕಡೆ ಅಳತೆ ಬೇರೆ ಇದ್ದರೆ ಪೆಟ್ರೋಲಿಗೆ ಅಂತಲೇ ಬರುವ ಹಿತ್ತಾಳೆ ರಿಡ್ಯೂಸರ್ ಹಾಕಿಸಿ. ಆದಷ್ಟು ಜಾಯಿಂಟೇ ಬೇಡ, ಒಂದೇ ತುಂಡು ಇರಲಿ. ವೈರ್ ಒಂದೆರಡು ಕಡೆ ಮಾತ್ರ ಕಚ್ಚಿ ಪೈಪನ್ನು ಕೊಯ್ಯುತ್ತದೆ, ಸುತ್ತಲೂ ಹಿಡಿಯುವ ಸ್ಪ್ರಿಂಗ್ ಕ್ಲಿಪ್ ಬೇಕು. ನಲ್ಲಿಗೆ ಸುತ್ತುವ ಬಿಳಿ ಟೇಪ್ ಸುತ್ತಲು ಬಿಡಬೇಡಿ. ಅದರ ಎಳೆಗಳು ಕಾರ್ಬೊರೇಟರ್‌ನ ಸಣ್ಣ ಜಾಲರಿಯಲ್ಲಿ ಸಿಕ್ಕಿಕೊಳ್ಳುತ್ತವೆ.

ಅಂಗಡಿಯಲ್ಲೇ ಕವರ್ ತೆಗೆಸಿ ನೋಡಿ. ಪೆಟ್ರೋಲ್ ಎಳೆಯಲು ಒತ್ತುವ ಮೆತ್ತನೆಯ ಪ್ರೈಮರ್ ಬಲ್ಬ್ ಒತ್ತಿ, ಜಾಯಿಂಟ್‌ಗೆ ಒಣ ಬಟ್ಟೆ ಹಚ್ಚಿ. ಒದ್ದೆ ಆದರೆ ತರಬೇಡಿ. ಅವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ. ಸರಿಯಾದ ಪೈಪ್‌ಗೆ ನಮಗೆ ಇನ್ನೂರು ರೂಪಾಯಿ ಕೂಡ ಆಗಲಿಲ್ಲ.

ಹೊಲದಲ್ಲಿ ಪೆಟ್ರೋಲ್ ಹಾಕುವ ಮುಂಚೆ ಪಂಪ್ ಇಳಿಸಿ, ಎಂಜಿನ್ ಆರಲು ಬಿಡಿ. ಯಾರಿಗಾದರೂ ಸುಟ್ಟರೆ ಟೂತ್‌ಪೇಸ್ಟ್, ಇಂಕು ಹಚ್ಚಬೇಡಿ. ಔಷಧಿ ಬೆರೆಸದ ಶುದ್ಧ ನೀರನ್ನು ಇಪ್ಪತ್ತು ನಿಮಿಷ ಸುರಿಯಿರಿ, ಆಮೇಲೆ ಆಸ್ಪತ್ರೆಗೆ ಕರೆದೊಯ್ಯಿರಿ. ಕುಡಿಯುವ ನೀರಿನ ಕೊಡ ಒಂದನ್ನು ಪಂಪ್ ಇಡುವ ಬದುವಿನ ಹತ್ತಿರವೇ ಇಟ್ಟುಕೊಳ್ಳಿ.